ಅಲಸಂದೆ ಬೇರಿನ ಗಂಟು: ಕೀಳುವ ಮೊದಲು ಸೀಳಿ ನೋಡಿ

ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಾಕಿದ ಅಲಸಂದೆ ಬೇರಿನ ತುಂಬಾ ಗಂಟು ಬಂದಿದೆ, ಇದು ರೋಗವಾ, ಔಷಧಿ ಹಾಕಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಏನೂ ಹಾಕಬೇಡಿ.

ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎಬ್ಬಿಸಿ ಬೇರು ತೊಳೆಯಿರಿ. ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಬೆರಳಲ್ಲಿ ತಳ್ಳಿದರೆ ಕಳಚುತ್ತದಾ? ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ದರೆ ಅದು ರೈಜೋಬಿಯಂ ಬ್ಯಾಕ್ಟೀರಿಯಾ ಇರುವ ಗಂಟು, ಚೆನ್ನಾಗಿ ಕೆಲಸ ಮಾಡುತ್ತಿದೆ. ಬೇರು ತಾನೇ ಊದಿಕೊಂಡು, ಗಂಟು ಬಿಡಿಸಲು ಬಾರದಿದ್ದರೆ ಮಾತ್ರ ನೆಮಟೋಡ್ (ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು) ಅನುಮಾನ. ಆಗ ಬೇರನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.

ಗಾಳಿಯಲ್ಲಿ ಸುಮಾರು 78% ಸಾರಜನಕವೇ ಇದೆ, ಆದರೆ ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಈ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿ ಕೊಡುತ್ತದೆ, ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲು ಕೆಳಗೆ ಕಳಿಸುತ್ತದೆ. ಆ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದ್ದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯೇ. ಆಮ್ಲಜನಕ ಜಾಸ್ತಿಯಾದರೆ ಸಾರಜನಕ ಹಿಡಿಯುವ ಕಿಣ್ವ ಕೆಡುತ್ತದೆ, ಹಾಗಾಗಿ ಇದು ಆಮ್ಲಜನಕವನ್ನು ಹದದಲ್ಲಿ ಇಡುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಯೂರಿಯಾ ಜಾಸ್ತಿ ಹಾಕಬೇಡಿ, ಮಣ್ಣಲ್ಲೇ ಸುಲಭವಾಗಿ ಸಾರಜನಕ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಮತ್ತೆ, ಪಕ್ಕದ ರಾಗಿಗೆ ಈಗಲೇ ಇದರಿಂದ ತುಂಬಾ ಸಿಗುತ್ತದೆ ಅಂದುಕೊಳ್ಳಬೇಡಿ. ಬೇರು, ಉದುರಿದ ಎಲೆ ಕೊಳೆತ ಮೇಲೇ ಹೆಚ್ಚಿನದು ಮಣ್ಣಿಗೆ ಬರುವುದು. ಅದಕ್ಕೇ ಕಾಯಿ ಬಿಡಿಸಿದ ಮೇಲೆ ಗಿಡವನ್ನು ಸುಮ್ನೆ ಕಿತ್ತು ಬದುವಿಗೆ ಎಸೆಯದೆ, ಬುಡಕ್ಕೆ ಕೊಯ್ದು ಬೇರನ್ನು ಅಲ್ಲೇ ಬಿಡಿ.