ಯಾವ ಸರ್ಕಾರ ಅಂತ ಹೇಳಿ

ನಮಸ್ಕಾರ.

ಅಮೆರಿಕದ ಲಿಬರ್ಟೇರಿಯನ್ನರ ಬಗ್ಗೆ, ಅಂದರೆ ಸರ್ಕಾರದ ಅಧಿಕಾರ ಆದಷ್ಟು ಕಡಿಮೆ ಇರಬೇಕು ಅನ್ನುವವರ ಬಗ್ಗೆ, ನೀವು ಕಳಿಸಿದ ಲೇಖನವನ್ನು ಮೂರು ಸಲ ಓದಿದೆ. ಈ ವಿಷಯ ಕನ್ನಡದಲ್ಲಿ ಬರೆಯುವವರು ಕಡಿಮೆ. ನೀವು ಚೆನ್ನಾಗಿ ಓದಿಕೊಂಡಿದ್ದೀರಿ, ಭಾಷೆಯೂ ಸರಾಗವಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಒಂದು ಪದ ನನ್ನನ್ನು ತುಂಬಾ ಕಾಡಿತು. 'ಸರ್ಕಾರ'.

ಎಣಿಸಿ ನೋಡಿದೆ. ಆರು ಪುಟದಲ್ಲಿ ಅದು 62 ಸಲ ಬಂದಿದೆ. ಯಾವ ಸರ್ಕಾರ ಅಂತ ಒಂದು ಸಲವೂ ಇಲ್ಲ. ಅಧಿಕಾರಕ್ಕೆ ಮಿತಿ ಬೇಕು ಅನ್ನುವುದು ನಿಮ್ಮ ವಾದ ಅಲ್ವಾ? ಯಾರ ಅಧಿಕಾರ ಅಂತಲೇ ತಿಳಿಯದಿದ್ದರೆ ಮಿತಿ ಹಾಕುವುದು ಯಾರಿಗೆ?

ನಿಮ್ಮ ಮೊದಲ ಸಾಲು: "ಅಮೆರಿಕದಲ್ಲಿ ಸರ್ಕಾರವು ಪ್ರಜೆಗಳ ಬದುಕಿನ ಎಲ್ಲ ಮಗ್ಗುಲಲ್ಲೂ ಕೈಯಾಡಿಸುತ್ತಿದೆ." ಅಲ್ಲಿ ಕ್ಷೌರ ಮಾಡುವವರಿಗೆ ಲೈಸೆನ್ಸ್ ಕೊಡುವುದು ರಾಜ್ಯ. ಯಾವ ಬೀದಿಯಲ್ಲಿ ಅಂಗಡಿ ಇಡಬಹುದು ಅಂತ ಹೇಳುವುದು ಊರಿನ ಆಡಳಿತ. ಬೆಳೆಗೆ ಸಹಾಯಧನ ಕೊಡುವುದು ವಾಷಿಂಗ್ಟನ್‌ನ ಕೇಂದ್ರ ಸರ್ಕಾರ. ಮೂರೂ ಬೇರೆ ಬೇರೆ ಕೈಗಳು. ಈ ಸಾಲನ್ನು ಹೊಡೆದುಹಾಕಿ.

ಮೂರನೇ ಪುಟದಲ್ಲಿ ಇದೆ: "ಸರ್ಕಾರವು ತನ್ನ ಹೊಲದಲ್ಲಿ ಗೋಧಿ ಬೆಳೆದ ರೈತನಿಗೂ ದಂಡ ಹಾಕಿತು." ಮೊದಲು ವಾಕ್ಯ ನೋಡಿ. 'ತನ್ನ ಹೊಲ' ಅಂದರೆ ಯಾರದು? ಓದಿದರೆ ಸರ್ಕಾರದ್ದೇ ಹೊಲ ಅನ್ನಿಸುತ್ತದೆ. ಆಮೇಲೆ, ಆ ರೈತ ಯಾರು? ಅವರಿಗೆ ಹೆಸರಿದೆ. ರಾಸ್ಕೋ ಫಿಲ್ಬರ್ನ್. ಓಹಾಯೊದ ಡೇಟನ್ ಹತ್ತಿರದವರು. ನೀವು ಕೊಲಂಬಸ್‌ನಲ್ಲಿ ಇರುವುದಾಗಿ ಬರೆದಿದ್ದೀರಿ. ಅಲ್ಲಿಂದ ಡೇಟನ್‌ಗೆ ಕಾರಿನಲ್ಲಿ ಒಂದೂವರೆ ಗಂಟೆಯೂ ಬೇಡ. ನನಗೆ ಸಿಟ್ಟು ಬಂದದ್ದು ಇಲ್ಲೇ.

ಗೋಧಿಯ ಬೆಲೆ ಬೀಳಬಾರದು ಅಂತ 1938ರ ಒಂದು ಕೇಂದ್ರ ಕಾನೂನು ಇತ್ತು. ಅದರ ಪ್ರಕಾರ ಫಿಲ್ಬರ್ನ್ 1941ರ ಬೆಳೆಗೆ 11.1 ಎಕರೆಯಲ್ಲಿ ಮಾತ್ರ ಗೋಧಿ ಬಿತ್ತಬಹುದಿತ್ತು. ಅವರು 23 ಎಕರೆ ಬಿತ್ತಿದರು. ಜಾಸ್ತಿ ಬಂದದ್ದು 239 ಬುಷೆಲ್ (ಅಲ್ಲಿ ಧಾನ್ಯ ಅಳೆಯುವ ಅಳತೆ). ಬುಷೆಲ್‌ಗೆ 49 ಸೆಂಟ್‌ನಂತೆ 117 ಡಾಲರ್ 11 ಸೆಂಟ್ ದಂಡ. ಅವರು ಬೆಳೆದ ಗೋಧಿಯಲ್ಲಿ ಒಂದಷ್ಟು ಮಾರುತ್ತಿದ್ದರು. ಉಳಿದದ್ದು ದನ, ಕೋಳಿಗೆ, ಮನೆಯ ಹಿಟ್ಟಿಗೆ, ಮುಂದಿನ ಬಿತ್ತನೆಗೆ. ಸಂವಿಧಾನ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಟ್ಟಿರುವುದು ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಮೇಲಿನ ಅಧಿಕಾರ. ಕಣಜ ದಾಟದ ಗೋಧಿ ಅಂಥ ವ್ಯಾಪಾರ ಹೇಗಾಗುತ್ತದೆ? 1942ರಲ್ಲಿ ಸುಪ್ರೀಂ ಕೋರ್ಟ್ ಆಗುತ್ತದೆ ಅಂದಿತು. ಅವರು ಬೆಳೆಯದಿದ್ದರೆ ಅಷ್ಟನ್ನು ಅಂಗಡಿಯಿಂದ ಕೊಳ್ಳುತ್ತಿದ್ದರು, ಎಲ್ಲರೂ ಅವರ ಹಾಗೆ ತಮಗೆ ಬೇಕಾದ್ದನ್ನು ತಾವೇ ಬೆಳೆದುಕೊಂಡರೆ ಬೆಲೆ ಬೀಳುತ್ತದೆ ಅನ್ನುವ ಲೆಕ್ಕ. ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೀಗೆ ಹೇಳಿದರು. ಲಿಬರ್ಟೇರಿಯನ್ನರಿಗೆ ಇವತ್ತಿಗೂ ನೋಯುವ ಜಾಗ ಇದು. ನೀವು ಇದಕ್ಕೆ ಒಂದು ಸಾಲು ಕೊಟ್ಟಿದ್ದೀರಿ.

ಆ ಕೋಟಾಗೆ ಗೋಧಿ ಬೆಳೆಗಾರರೇ ಮತ ಹಾಕಿ ಒಪ್ಪಿಗೆ ಕೊಟ್ಟಿದ್ದರು. ಅದನ್ನೂ ಬರೆಯಿರಿ. ಬಹುಮತ ಒಪ್ಪಿದ ಮೇಲೂ ಒಬ್ಬನ ಹೊಲಕ್ಕೆ ಕೈ ಹಾಕಬಹುದಾ ಅನ್ನುವುದೇ ನಿಜವಾದ ಪ್ರಶ್ನೆ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ. ಆಗ ನನಗೆ 22 ವರ್ಷ. ಕುಸಿದ ಒಂದು ಸೇತುವೆಯ ಬಗ್ಗೆ ಬಿಸಿಬಿಸಿಯಾಗಿ ಬರೆದೆ. "ಸರ್ಕಾರ ಕಣ್ಣು ಮುಚ್ಚಿ ಕೂತಿದೆ" ಅಂತ ಮೂರು ಕಡೆ. ಸಂಪಾದಕರು ಮೂರಕ್ಕೂ ಕೆಂಪು ಇಂಕಿನಲ್ಲಿ ಸುತ್ತು ಹಾಕಿದರು. "ಸೇತುವೆ ಯಾರದು? ಪಂಚಾಯ್ತಿದಾ, ಪಿಡಬ್ಲ್ಯುಡಿದಾ? ಕೇಳ್ಕೊಂಡು ಬಾ" ಅಂದರು. ಎರಡು ದಿನ ಕಚೇರಿಯಿಂದ ಕಚೇರಿಗೆ ಅಲೆದೆ. ಅವಮಾನದಿಂದ ಊಟ ಸೇರಲಿಲ್ಲ. ಕೊನೆಗೆ ಒಂದು ಕಡೆ ರಿಪೇರಿಗೆ ಕೊಟ್ಟ ಅರ್ಜಿ ಸಿಕ್ಕಿತು. ಹನ್ನೊಂದು ತಿಂಗಳಿಂದ ಅದು ಒಂದೇ ಟೇಬಲ್ ಮೇಲಿತ್ತು. ನನ್ನ ಬಿಸಿ ಸಾಲುಗಳೆಲ್ಲ ಹೋದವು. ಆ ಅರ್ಜಿಯ ತಾರೀಖು ಅಚ್ಚಾಯಿತು. ಓದಿದವರು ಅದನ್ನೇ ಹಿಡಿದು ಮಾತಾಡಿದರು.

ಐದನೇ ಪುಟಕ್ಕೆ ಬರುತ್ತೇನೆ. "ಸರ್ಕಾರವು ಸುಸೆಟ್ ಕೆಲೋ ಎಂಬಾಕೆಯ ಮನೆಯನ್ನು ಕಿತ್ತುಕೊಂಡಿತು." ಕಿತ್ತುಕೊಳ್ಳಲು ಹೊರಟಿದ್ದು ಕನೆಕ್ಟಿಕಟ್‌ನ ನ್ಯೂ ಲಂಡನ್ ಎಂಬ ಊರಿನ ಆಡಳಿತ. ರಸ್ತೆಗಲ್ಲ, ಆಸ್ಪತ್ರೆಗಲ್ಲ. ಹೋಟೆಲು, ಕಚೇರಿಗಳು ಬಂದರೆ ಊರಿಗೆ ಕೆಲಸವೂ ತೆರಿಗೆಯೂ ಬರುತ್ತದೆ ಅಂತ. 2005ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಊರಿನ ಪರ ನಿಂತಿತು. ಆದರೆ ರಾಜ್ಯಗಳು ಬೇಕಾದರೆ ನಿಯಮ ಬಿಗಿ ಮಾಡಿಕೊಳ್ಳಲಿ ಅಂತಲೂ ಹೇಳಿತು. ಆಮೇಲೆ 40ಕ್ಕೂ ಹೆಚ್ಚು ರಾಜ್ಯಗಳು ಭೂಸ್ವಾಧೀನದ ಕಾನೂನು ಬದಲಿಸಿದವು. ಅಂದರೆ ಊರಿನ ಸರ್ಕಾರದ ಕೈ ಕಟ್ಟಿಹಾಕಿದ್ದು ಇನ್ನೊಂದು ಸರ್ಕಾರವೇ! ನಿಮ್ಮ ವಾಕ್ಯದಲ್ಲಿ ಇದಕ್ಕೆ ಜಾಗವೇ ಇಲ್ಲ. ಆ ಯೋಜನೆ ಕೈಗೂಡಲಿಲ್ಲ, ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಭೂಸ್ವಾಧೀನ ಅಂದರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಖಾಲಿ ಜಾಗವನ್ನು ತೋರಿಸಿ, ಸಾಕು.

ಇನ್ನೊಂದು. ಲಿಬರ್ಟೇರಿಯನ್ನರನ್ನು ಎರಡು ಕಡೆ 'ಉದಾರವಾದಿಗಳು', ಅಂದರೆ ಲಿಬರಲ್‌ಗಳು, ಅಂದಿದ್ದೀರಿ. ಅಮೆರಿಕದಲ್ಲಿ ಲಿಬರಲ್ ಅಂದರೆ ಸರ್ಕಾರ ಇನ್ನಷ್ಟು ಹೊಣೆ ಹೊರಬೇಕು ಅನ್ನುವವರು. ಅರ್ಥ ಪೂರ್ತಿ ತಿರುಗಿಬಿಡುತ್ತದೆ. 'ಲಿಬರ್ಟೇರಿಯನ್' ಅಂತಲೇ ಇರಲಿ.

ಫಿಲ್ಬರ್ನ್ ಅವರ ಹೊಲದಿಂದ ಶುರು ಮಾಡಿ. ಆ ಕಡೆ ಒಮ್ಮೆ ಹೋಗಿ ಬನ್ನಿ. ಸಾವಿರ ಪದ ಸಾಕು. ಮುಂದಿನ ತಿಂಗಳ ಹತ್ತನೇ ತಾರೀಖಿನವರೆಗೆ ನಿಮಗಾಗಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.