ಪ್ರತಿಕ್ರಿಯೆ: ಝಾಂಬಿ ಆಟ ಮೂರೇ ದಿನಕ್ಕೆ ನಿಂತುಹೋಗುತ್ತಿದೆ

ನಾಲ್ಕು ಜನ ಗೆಳೆಯರ ಜೊತೆ ಎಸ್‌ಎಂಎಸ್‌ನಲ್ಲಿ ಝಾಂಬಿ (ಎದ್ದು ಓಡಾಡುವ ಹೆಣ) ಆಟ ನಡೆಸುತ್ತಿದ್ದೀರಿ. ನೀವು ಕಥೆ ಹೇಳುತ್ತೀರಿ, ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಅವರು ಉತ್ತರ ಕೊಡಬೇಕು. ಆದರೆ ಮೂರನೇ ದಿನಕ್ಕೇ ಯಾರೂ ಉತ್ತರ ಕೊಡುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವು ಹಾಕಿರುವ ಮೆಸೇಜ್ ಓದಿದೆ. ವರ್ಣನೆ ತುಂಬಾ ಚೆನ್ನಾಗಿದೆ. ಆದರೆ ಕೊನೆಯಲ್ಲಿ 'ಈಗ ಏನು ಮಾಡುತ್ತೀರಿ?' ಅಂತ ಸುಮ್ನೆ ಬಿಟ್ಟಿದ್ದೀರಿ. ಕೆಲಸದ ನಡುವೆ ಫೋನ್ ನೋಡುವವರಿಗೆ ಅಷ್ಟು ದೊಡ್ಡ ಪ್ರಶ್ನೆ ಭಾರವಾಗುತ್ತದೆ, ಅಲ್ವಾ?

ಎರಡೇ ದಾರಿ ಕೊಡಿ, ಎರಡರಲ್ಲೂ ಏನಾದರೂ ಕಳೆದುಕೊಳ್ಳುವಂತಿರಲಿ. 'ನೀರಿನ ಕ್ಯಾನ್ ಬಿಟ್ಟು ಓಡುತ್ತೀರಾ, ಗಾಯಗೊಂಡವನನ್ನು ಬಿಟ್ಟು ಓಡುತ್ತೀರಾ?' ಜೊತೆಗೆ ಗಡುವು ಹಾಕಿ. ರಾತ್ರಿ 9ರೊಳಗೆ ಉತ್ತರ ಬರದಿದ್ದರೆ ಆ ಪಾತ್ರ ಹೆದರಿ ನಿಂತಲ್ಲೇ ನಿಂತಿತು ಅಂತ ಕಥೆ ಮುಂದುವರಿಸಿ. ಸಾಯಿಸಬೇಡಿ. ಒಮ್ಮೆ ಪಾತ್ರ ಸತ್ತರೆ ಆಟಗಾರ ವಾಪಸ್ ಬರುವುದು ಕಷ್ಟ.

ಊಟ, ನೀರು, ಮದ್ದು ಎಷ್ಟು ಉಳಿದಿದೆ ಅಂತ ನೀವೇ ಬರೆದಿಟ್ಟುಕೊಳ್ಳಿ. ದಿನಕ್ಕೊಮ್ಮೆ ಎಲ್ಲರಿಗೂ ಕಳಿಸಿ. ನಿಜವಾದ ಭಯ ಹುಟ್ಟುವುದು ಆ ಲೆಕ್ಕದಲ್ಲೇ, ಝಾಂಬಿಯಿಂದಲ್ಲ.

ಇನ್ನೊಂದು ವಿಷಯ, ಖರ್ಚಿನದು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡ ಲಿಪಿಯಲ್ಲಿ 70 ಮಾತ್ರ. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಸ್ತ್ರೀ' ಅನ್ನುವ ಒಂದೇ ಅಕ್ಷರ 6 ಜಾಗ ತಿನ್ನುತ್ತದೆ! ನಿಮ್ಮ ಉದ್ದದ ವರ್ಣನೆ ನಾಲ್ಕೈದು ಮೆಸೇಜ್ ಆಗಿ ಹೋಗುತ್ತಿರಬೇಕು. ಚಿಕ್ಕದಾಗಿ ಬರೆದು ನೋಡಿ, ಹೆದರಿಕೆ ಜಾಸ್ತಿಯೇ ಆಗುತ್ತದೆ. 'ಬಾಗಿಲು ತಟ್ಟಿದ ಸದ್ದು. ಒಳಗಿನಿಂದ.' ಇಷ್ಟು ಸಾಕು.