ಕ್ಯಾಮೆರಾ ಹಳೆಯ ಚಿತ್ರ ಯಾಕೆ ಕೊಡುತ್ತಿದೆ?

ಪ್ರಶ್ನೆ: ಬೆಲ್ಟ್ ಮೇಲೆ ಸಾಗುವ ಲೋಹದ ಬಿಡಿಭಾಗಗಳಲ್ಲಿ ಗೀರು ಇದೆಯಾ ಎಂದು ನೋಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ವೆಬ್‌ಕ್ಯಾಮ್ ಇಟ್ಟುಕೊಂಡು, ಚಿತ್ರ ಪರಿಶೀಲಿಸಲು ಬಳಸುವ ಓಪನ್‌ಸಿವಿ ಲೈಬ್ರರಿಯಿಂದ ಪೈಥಾನ್‌ನಲ್ಲಿ ಬರೆದಾಗ ಚೆನ್ನಾಗಿಯೇ ಓಡಿತು. ಈಗ ನೆಟ್‌ವರ್ಕ್ ಕೇಬಲ್‌ನ ಇಂಡಸ್ಟ್ರಿಯಲ್ ಕ್ಯಾಮೆರಾ ಜೋಡಿಸಿದ್ದೇನೆ. ಓಪನ್‌ಸಿವಿಯ ವಿಡಿಯೊಕ್ಯಾಪ್ಚರ್ ಅದನ್ನು ಗುರುತಿಸುತ್ತಲೇ ಇಲ್ಲ. ಕ್ಯಾಮೆರಾ ಕೆಟ್ಟಿರಬಹುದಾ?

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ವೆಬ್‌ಕ್ಯಾಮ್‌ಗಳು ಯುವಿಸಿ ಎಂಬ ಭಾಷೆಯಲ್ಲಿ ಮಾತಾಡುತ್ತವೆ. ಅದು ಆಪರೇಟಿಂಗ್ ಸಿಸ್ಟಂಗೆ ಮೊದಲೇ ಗೊತ್ತಿರುತ್ತದೆ. ನಿಮ್ಮ ಕ್ಯಾಮೆರಾ ಮಾತಾಡುವುದು ಬಹುಶಃ ಗಿಗ್‌ಇ ವಿಷನ್. ಇದು 2006ರಲ್ಲಿ ಬಂದ ಮಾನದಂಡ. ಯುಎಸ್‌ಬಿ ಕೇಬಲ್‌ಗೆ ಇರುವ ಯುಎಸ್‌ಬಿ3 ವಿಷನ್ 2013ರದ್ದು. ಇವೆರಡರ ಮೇಲೂ ಜೆನ್‌ಐಕ್ಯಾಮ್ ಎಂಬ ಪದರ ಇದೆ. ಅದರ ಉಪಾಯ ನನಗೆ ತುಂಬಾ ಇಷ್ಟ. ತನ್ನಲ್ಲಿ ಏನೇನು ಸೆಟ್ಟಿಂಗ್ ಇದೆ, ಯಾವುದಕ್ಕೆ ಎಷ್ಟು ಮಿತಿ ಎಂಬುದನ್ನೆಲ್ಲ ಕ್ಯಾಮೆರಾ ತನ್ನೊಳಗಿನ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಲೈಬ್ರರಿ ಅದನ್ನು ಓದಿಕೊಂಡು ನಿಮಗೆ ಕೊಡುತ್ತದೆ.

ಬೇಸ್ಲರ್ ಕಂಪನಿಯ ಕ್ಯಾಮೆರಾ ಆದರೆ ಅವರದೇ ಪೈಥಾನ್ ಲೈಬ್ರರಿ ಪೈಪೈಲಾನ್ ಹಾಕಿಕೊಳ್ಳಿ. ಪಿಪ್‌ನಲ್ಲೇ ಸಿಗುತ್ತದೆ. ಅಲೈಡ್ ವಿಷನ್‌ನವರದ್ದಾದರೆ ವಿಎಂಬಿಪೈ. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳನ್ನು ಒಂದೇ ಕೋಡ್‌ನಲ್ಲಿ ಓಡಿಸಬೇಕು ಎಂದರೆ ಹಾರ್ವೆಸ್ಟರ್ಸ್ ನೋಡಿ. ಅದಕ್ಕೆ ಕ್ಯಾಮೆರಾ ಕಂಪನಿ ಕೊಡುವ ಸಿಟಿಐ ಫೈಲ್ (ಕ್ಯಾಮೆರಾ ಜೊತೆ ಮಾತಾಡುವ ಡ್ರೈವರ್) ಬೇಕು. ಅದು ಎಲ್ಲಿದೆ ಎಂದು ನೀವೇ ತೋರಿಸಬೇಕು. ಹೊಸಬರು ಮರೆಯುವುದು ಇದನ್ನೇ.

ಇನ್ನೊಂದು ಮಾತು. ಸೆಟ್ಟಿಂಗ್‌ಗಳ ಹೆಸರು ಒಂದೇ ಥರ ಇರಲಿ ಎಂದು ಒಪ್ಪಂದ ಇದ್ದರೂ ಹಳೆಯ ಮಾಡೆಲ್‌ಗಳಲ್ಲಿ ವ್ಯತ್ಯಾಸ ಸಿಗುತ್ತದೆ. ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು ಬಿಡಬೇಕು ಎಂಬ ಸೆಟ್ಟಿಂಗ್ ಹೊಸದರಲ್ಲಿ ಎಕ್ಸ್‌ಪೋಷರ್‌ಟೈಮ್ ಎಂದಿದ್ದರೆ, ಅದೇ ಹಳೆಯ ಕೆಲವು ಗಿಗ್‌ಇ ಕ್ಯಾಮೆರಾಗಳಲ್ಲಿ ಎಕ್ಸ್‌ಪೋಷರ್‌ಟೈಮ್‌ಆಬ್ಸ್ ಎಂದಿರುತ್ತದೆ. ಬೇರೆಯವರ ಕೋಡ್ ತಂದು ಹಾಕಿ 'ಇಂಥ ಹೆಸರು ಇಲ್ಲ' ಎಂಬ ಎರರ್ ಬಂದರೆ ಕಾರಣ ಸಾಮಾನ್ಯವಾಗಿ ಇದೇ. ಈ ಸೆಟ್ಟಿಂಗ್‌ಗೆ ಅಂಕಿ ಕೊಡುವುದು ಮೈಕ್ರೊಸೆಕೆಂಡ್‌ನಲ್ಲಿ ಅನ್ನುವುದೂ ನೆನಪಿರಲಿ.

ಪ್ರಶ್ನೆ: ಪೈಪೈಲಾನ್ ಬಳಸುತ್ತಿದ್ದೇನೆ. ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ಕೊಡುತ್ತದೆ. ಒಂದು ಚಿತ್ರ ಪರೀಕ್ಷಿಸಲು ನನ್ನ ಕೋಡ್‌ಗೆ 80 ಮಿಲಿಸೆಕೆಂಡ್ ಬೇಕು. ಶುರುವಿನಲ್ಲಿ ಎಲ್ಲ ಸರಿ ಇರುತ್ತದೆ. ಸ್ವಲ್ಪ ಹೊತ್ತಿಗೇ ಪರದೆಯ ಮೇಲಿನ ಚಿತ್ರ ಹಿಂದೆ ಬೀಳುತ್ತದೆ. ಕೆಟ್ಟ ತುಂಡು ದಾಟಿ ಹೋದ ಮೇಲೆ ಅದನ್ನು ಪಕ್ಕಕ್ಕೆ ತಳ್ಳುವ ಸಿಗ್ನಲ್ ಹೋಗುತ್ತದೆ. 'ಲೇಟೆಸ್ಟ್ ಇಮೇಜ್ ಓನ್ಲಿ' (ಕೊನೆಗೆ ಬಂದ ಚಿತ್ರವನ್ನಷ್ಟೇ ಕೊಡುವ ಆಯ್ಕೆ) ಹಾಕು, ಸರಿಹೋಗುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಹಾಕಲಾ?

ಉತ್ತರ: ದಯವಿಟ್ಟು ಹಾಕಬೇಡಿ. ತಡ ಕಾಣೆಯಾಗುತ್ತದೆ ನಿಜ, ಜೊತೆಗೆ ಕೆಲವು ತುಂಡುಗಳ ಚಿತ್ರವೂ ಕಾಣೆಯಾಗುತ್ತದೆ. ಪರೀಕ್ಷೆಯನ್ನೇ ಮಾಡದ ತುಂಡು 'ಒಳ್ಳೆಯದು' ಎಂದು ಮುಂದೆ ಹೋಗುತ್ತದೆ. ನೀವು ಕಟ್ಟುತ್ತಿರುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ಲೆನ್ಸ್ ಫೋಕಸ್ ಮಾಡುವಾಗ, ಸುಮ್ನೆ ಲೈವ್ ನೋಡುವಾಗ ಆ ಆಯ್ಕೆ ಚೆನ್ನ. ಅಲ್ಲಿಗಷ್ಟೇ ಇಟ್ಟುಕೊಳ್ಳಿ.

ಒಳಗೆ ಏನು ನಡೆಯುತ್ತಿದೆ ನೋಡೋಣ. ಚಿತ್ರ ತೆಗೆಯುವುದು ನಿಮ್ಮ ಪೈಥಾನ್ ಸಾಲಲ್ಲ. ಕ್ಯಾಮೆರಾ ತನ್ನ ಪಾಡಿಗೆ ತೆಗೆದು ಕಳಿಸುತ್ತಾ ಇರುತ್ತದೆ. ಬಂದ ಚಿತ್ರಗಳನ್ನು ಲೈಬ್ರರಿ ಕೆಲವು ಬಫರ್‌ಗಳಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗಗಳಲ್ಲಿ, ಇಡುತ್ತದೆ. ಪೈಪೈಲಾನ್‌ನಲ್ಲಿ ನೀವು ಏನೂ ಹೇಳದಿದ್ದರೆ ಬಫರ್ 10. 'ರಿಟ್ರೀವ್ ರಿಸಲ್ಟ್' ಎಂದು ಕರೆದಾಗ ಸಾಲಿನಲ್ಲಿ ಮೊದಲು ನಿಂತಿದ್ದ ಚಿತ್ರ ಸಿಗುತ್ತದೆ, ಈಗಷ್ಟೇ ಬಂದದ್ದಲ್ಲ. 50 ಮಿಲಿಸೆಕೆಂಡಿಗೆ ಒಂದು ಬರುತ್ತಿದೆ, 80ಕ್ಕೆ ಒಂದು ಮುಗಿಯುತ್ತಿದೆ. ಸಾಲು ಬೆಳೆಯಲೇಬೇಕಲ್ವಾ? ಹತ್ತೂ ತುಂಬಿದಾಗ ನಿಮ್ಮ ಕೈಗೆ ಬರುವ ಚಿತ್ರ ಸುಮಾರು 800 ಮಿಲಿಸೆಕೆಂಡ್ ಹಳೆಯದು. ಬೆಲ್ಟ್ ಸೆಕೆಂಡಿಗೆ 500 ಮಿ.ಮೀ. ಓಡುತ್ತಿದ್ದರೆ ತುಂಡು ಅಷ್ಟರಲ್ಲಿ 400 ಮಿ.ಮೀ. ಮುಂದೆ ಹೋಗಿರುತ್ತದೆ. ಅಲ್ಲಿಂದಾಚೆಗೆ ಬರುವ ಚಿತ್ರಕ್ಕೆ ಇಡಲು ಜಾಗವೂ ಇಲ್ಲ, ಹಾಗಾಗಿ ಅದು ಕಳೆದುಹೋಗುತ್ತದೆ. ಬಫರ್ 100 ಮಾಡಿದರೆ ತಡ ಇನ್ನೂ ಜಾಸ್ತಿ ಆಗುತ್ತದೆ, ಅಷ್ಟೆ.

ಈಗ ನಾನು ನಿಮ್ಮನ್ನು ಕೇಳುವುದು ಒಂದೇ. ನಿಜವಾಗಿ ಸೆಕೆಂಡಿಗೆ 20 ತುಂಡು ಬರುತ್ತವೆಯಾ? ಹೆಚ್ಚಾಗಿ ಬರುವುದಿಲ್ಲ. ಕ್ಯಾಮೆರಾ ಬಿಡುವಿಲ್ಲದೆ ತೆಗೆಯುತ್ತಿರುವುದರಿಂದ ಖಾಲಿ ಬೆಲ್ಟ್, ಅರ್ಧ ಕಾಣುವ ತುಂಡು, ಒಂದೇ ತುಂಡಿನ ಮೂರು ಚಿತ್ರ, ಎಲ್ಲವನ್ನೂ ನಿಮ್ಮ ಕೋಡ್ ಪರೀಕ್ಷಿಸುತ್ತಿದೆ. ತುಂಡು ಬಂದದ್ದನ್ನು ಗುರುತಿಸುವ ಸೆನ್ಸರ್ ಒಂದನ್ನು ಬೆಲ್ಟ್ ಪಕ್ಕ ಇಟ್ಟು, ಅದರ ತಂತಿಯನ್ನು ಕ್ಯಾಮೆರಾದ ಇನ್‌ಪುಟ್‌ಗೆ ಕೊಡಿ. ವೋಲ್ಟೇಜ್ ಎಷ್ಟಿರಬೇಕು ಎಂದು ಕ್ಯಾಮೆರಾದ ಕೈಪಿಡಿ ನೋಡಿಯೇ ಜೋಡಿಸಿ. ಕೋಡ್‌ನಲ್ಲಿ ಮೂರು ಸಾಲು ಸಾಕು: ಟ್ರಿಗರ್ ಸೆಲೆಕ್ಟರ್‌ಗೆ 'ಫ್ರೇಮ್ ಸ್ಟಾರ್ಟ್', ಟ್ರಿಗರ್ ಸೋರ್ಸ್‌ಗೆ 'ಲೈನ್ 1', ಟ್ರಿಗರ್ ಮೋಡ್‌ಗೆ 'ಆನ್'. ಸೆಕೆಂಡಿಗೆ 5 ತುಂಡು ಬಂದರೆ ಚಿತ್ರವೂ 5. ಒಂದೊಂದಕ್ಕೂ ನಿಮಗೆ 200 ಮಿಲಿಸೆಕೆಂಡ್ ಸಿಗುತ್ತದೆ. 80 ಸಾಕಾಗಿ ಇನ್ನೂ ಉಳಿಯುತ್ತದೆ.

ನಿಜಕ್ಕೂ 20 ತುಂಡು ಬರುತ್ತವೆ ಎಂದಾದರೆ ಕೆಲಸ ಕಡಿಮೆ ಮಾಡಬೇಕು. ವಿಡ್ತ್, ಹೈಟ್ ಇಳಿಸಿ, ತುಂಡು ಇರುವ ಭಾಗವನ್ನಷ್ಟೇ ತರಿಸಿ. ಗೀರು ಹುಡುಕಲು ಬಣ್ಣ ಬೇಡವೆಂದರೆ ಚಿತ್ರದ ಮಾದರಿ ಮೊನೊ8 (ಕಪ್ಪು-ಬಿಳುಪು) ಇಡಿ. ಚಿತ್ರ ತರುವುದಕ್ಕೆ ಒಂದು ಥ್ರೆಡ್ (ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ), ಪರೀಕ್ಷೆಗೆ ಬೇರೆ ಥ್ರೆಡ್ ಮಾಡಿ. ಪರೀಕ್ಷೆಯೆಲ್ಲ ಪೈಥಾನ್‌ನ ಫಾರ್ ಲೂಪ್‌ನಲ್ಲೇ ಬರೆದಿದ್ದರೆ ಥ್ರೆಡ್‌ನಿಂದ ವೇಗ ಹೆಚ್ಚುವುದಿಲ್ಲ, ಸಾಮಾನ್ಯ ಪೈಥಾನ್‌ನಲ್ಲಿ ಒಂದು ಸಲಕ್ಕೆ ಒಂದೇ ಥ್ರೆಡ್‌ನ ಕೋಡ್ ಓಡುತ್ತದೆ. ಪ್ರತ್ಯೇಕ ಪ್ರೋಸೆಸ್ ಬೇಕು, ಇಲ್ಲವೇ ಆ ಲೂಪನ್ನು ಓಪನ್‌ಸಿವಿ, ನಂಪೈ ಕರೆಗಳಾಗಿ ಬದಲಿಸಬೇಕು. ನಾನಾದರೆ ಮೊದಲು ಮಾಡುವುದು ಈ ಎರಡನೆಯದನ್ನೇ.

ಬಫರ್ ಎಂದರೆ ಸಾಲ ತಂದ ಪಾತ್ರೆ ಇದ್ದ ಹಾಗೆ. ಕೆಲಸ ಮುಗಿದ ಕೂಡಲೇ ವಾಪಸ್ ಕೊಡಬೇಕು. ಪೈಪೈಲಾನ್‌ನಲ್ಲಿ ಅದಕ್ಕೆ 'ರಿಲೀಸ್' ಇದೆ. 'ಅರೇ' ಎಂದು ಕೇಳಿದರೆ ಅದು ಪ್ರತಿ ಮಾಡಿಯೇ ಕೊಡುತ್ತದೆ, ಹಾಗಾಗಿ ಪಡೆದ ಮರುಕ್ಷಣವೇ ಬಫರ್ ಬಿಟ್ಟುಬಿಡಬಹುದು. ಹಾರ್ವೆಸ್ಟರ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಸಿಗುವುದು ಬಫರ್‌ನ ಮೇಲಿನ ನೋಟ ಮಾತ್ರ. 'ವಿತ್' ಬ್ಲಾಕ್‌ನಿಂದ ಹೊರಗೆ ಬಂದ ಮೇಲೆ ಅದೇ ಜಾಗಕ್ಕೆ ಮುಂದಿನ ಚಿತ್ರ ಬಂದು ಕೂರುತ್ತದೆ. ಇನ್ನೊಂದು ಥ್ರೆಡ್‌ಗೆ ಕಳಿಸುವುದಿದ್ದರೆ ಮೊದಲು 'ಕಾಪಿ' ಮಾಡಿ. ಮಾಡದಿದ್ದರೆ ಮೇಲರ್ಧ ಒಂದು ತುಂಡು, ಕೆಳಗರ್ಧ ಇನ್ನೊಂದು ತುಂಡು ಇರುವ ಚಿತ್ರ ಸಿಗಬಹುದು. ಎರರ್ ಮಾತ್ರ ಬರುವುದಿಲ್ಲ.

ಯಾವ ಚಿತ್ರವೂ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಪ್ರತಿ ಚಿತ್ರದ ಬ್ಲಾಕ್ ಐಡಿ (ಕ್ಯಾಮೆರಾ ಕೊಡುವ ಕ್ರಮಸಂಖ್ಯೆ) ನೋಡುತ್ತಾ ಹೋಗಿ. ನಡುವೆ ಅಂಕಿ ಹಾರಿದರೆ ಚಿತ್ರ ಕಳೆದಿದೆ. ಗಿಗ್‌ಇ ವಿಷನ್‌ನ 1.x ಆವೃತ್ತಿಯಲ್ಲಿ ಈ ಎಣಿಕೆ 65,535ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ. ಸೆಕೆಂಡಿಗೆ 20ರಂತೆ ಅದು ಸುಮಾರು 55 ನಿಮಿಷ. ಅರ್ಧ ಗಂಟೆ ಪರೀಕ್ಷಿಸಿ ಸರಿ ಇದೆ ಎಂದುಕೊಂಡರೆ ಈ ತಿರುವು ಕಣ್ಣಿಗೆ ಬೀಳುವುದೇ ಇಲ್ಲ.

ನೀವು ಕೇಳದಿದ್ದರೂ ಒಂದು ಲೆಕ್ಕ ಹೇಳಿಬಿಡುತ್ತೇನೆ. 500 ಮಿ.ಮೀ. ವೇಗದಲ್ಲಿ ಎಕ್ಸ್‌ಪೋಷರ್ 10,000 ಮೈಕ್ರೊಸೆಕೆಂಡ್ ಇದ್ದರೆ, ಅಷ್ಟು ಹೊತ್ತಿನಲ್ಲಿ ತುಂಡು 5 ಮಿ.ಮೀ. ಸರಿದಿರುತ್ತದೆ. ಸಣ್ಣ ಗೀರು ಆ ಮಸುಕಿನಲ್ಲಿ ಮುಳುಗಿಹೋಗುತ್ತದೆ. ಮಸುಕು 0.1 ಮಿ.ಮೀ. ಒಳಗೆ ಇರಬೇಕೆಂದರೆ 200 ಮೈಕ್ರೊಸೆಕೆಂಡ್ ಇಡಬೇಕು. ಆಗ 50 ಪಟ್ಟು ಬೆಳಕು ಬೇಕು. ಇದಕ್ಕೆ ಯಾವ ಲೈಬ್ರರಿಯಲ್ಲೂ ಉತ್ತರ ಇಲ್ಲ, ದೀಪವನ್ನೇ ಬದಲಿಸಬೇಕು.

ಪ್ರಶ್ನೆ: ಪ್ರೋಗ್ರಾಂ ಮಧ್ಯದಲ್ಲಿ ನಿಂತುಹೋದರೆ, ಮತ್ತೆ ಓಡಿಸಿದಾಗ ಕ್ಯಾಮೆರಾ ಬೇರೆಯವರ ಬಳಕೆಯಲ್ಲಿದೆ ಎಂಬ ಎರರ್ ಬರುತ್ತದೆ. ಪ್ರತಿ ಸಲ ಕೇಬಲ್ ಕಿತ್ತು ಹಾಕುತ್ತಿದ್ದೇನೆ.

ಉತ್ತರ: ಕೀಳಬೇಡಿ. ಗಿಗ್‌ಇ ಕ್ಯಾಮೆರಾವನ್ನು ನಿಯಂತ್ರಿಸುವ ಹಕ್ಕು ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ. ಆ ಪ್ರೋಗ್ರಾಂ ಬದುಕಿದೆಯಾ ಎಂದು ಕ್ಯಾಮೆರಾ ಹಾರ್ಟ್‌ಬೀಟ್‌ನಿಂದ, ಅಂದರೆ ಪ್ರೋಗ್ರಾಂ ಕಡೆಯಿಂದ ಆಗಾಗ ಬರುವ ಸಣ್ಣ ಸಂದೇಶದಿಂದ, ತಿಳಿಯುತ್ತದೆ. ಅದು ನಿಂತರೆ ಸಾಮಾನ್ಯವಾಗಿ 3 ಸೆಕೆಂಡ್ ಕಾದು ತಾನೇ ಬಿಡುಗಡೆ ಆಗುತ್ತದೆ. ಸ್ವಲ್ಪ ತಾಳಿದರೆ ಸಾಕು. ಕಾದರೂ ಬಿಡದಿದ್ದರೆ, ಕಂಪನಿಯ ವ್ಯೂವರ್ ಬೇರೆ ಕಿಟಕಿಯಲ್ಲಿ ತೆರೆದಿದೆಯಾ ನೋಡಿ. ಇಲ್ಲವೇ ನಿಮ್ಮದೇ ಹಳೆಯ ಪೈಥಾನ್ ಪ್ರೋಸೆಸ್ ಹಿನ್ನೆಲೆಯಲ್ಲಿ ಇನ್ನೂ ಓಡುತ್ತಿರಬಹುದು. ಜುಪಿಟರ್ ನೋಟ್‌ಬುಕ್ ಬಳಸುವವರಿಗೆ ಇದು ಆಗಾಗ ಆಗುತ್ತದೆ: ಸೆಲ್ ನಿಂತರೂ ಕರ್ನಲ್ (ಹಿಂದೆ ಓಡುವ ಪೈಥಾನ್ ಪ್ರೋಸೆಸ್) ಕ್ಯಾಮೆರಾವನ್ನು ಹಿಡಿದುಕೊಂಡೇ ಇರುತ್ತದೆ. ಕ್ಲೋಸ್ ಮಾಡುವ ಸಾಲನ್ನು 'ಟ್ರೈ'ನ ಕೊನೆಯ 'ಫೈನಲಿ' ಒಳಗೆ ಬರೆಯಿರಿ. ಆಗ ಮಧ್ಯದಲ್ಲಿ ಎರರ್ ಬಂದರೂ ಕ್ಯಾಮೆರಾ ಬಿಡುಗಡೆ ಆಗುತ್ತದೆ.